ಮೂಕಾಟದ ಮೂರು ದಾರ

ಶಿವದಾರ ತಲೆಯಿಂದ ಈಚೆಗೆ ಬರಲೇ ಇಲ್ಲ. ಅಯ್ಯನವರು ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು. ದಾರ ಶಿವಸಂಗಪ್ಪನ ಗದ್ದಕ್ಕೆ ಸಿಕ್ಕಿಕೊಂಡು ಅಲ್ಲೇ ನಿಂತಿತು. ನೀರು ಹಾಕಲೆಂದು ಹೆಣವನ್ನು ಅಂಗಳದ ಹಲಗೆಯ ಮೇಲೆ ಕೂಡಿಸಿದ್ದರು, ಮಗ ಬಸು ಹಿಂದಿನಿಂದ ಅಪ್ಪನ ಎರಡೂ ಭುಜ ಹಿಡಿದು ನಿಂತಿದ್ದ. ಬಿಸಿನೀರಿನ ಹಂಡೆಯ ಪಕ್ಕ ತಂಬಿಗೆ ಹಿಡಿದಿದ್ದವನು ಜಾಫರಸಾಬ. ಸತ್ತವನಿಗೆ ನಲವತ್ತು ವರ್ಷದ ಗೆಳೆಯ. ಇಳಕಲ್ಲಿನ ಆ ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುತ್ತ ಹಾಕುತ್ತ ತನ್ನ ಅಂಗೈಗಳನ್ನೂ ಶಾಶ್ವತವಾಗಿ ಕೆಂಪು ಮಾಡಿಕೊಂಡಿದ್ದ ಮನುಷ್ಯ.

“ಇದೇನೋ ಬಸು, ಇಷ್ಟ ಗಿಡ್ಡ ದಾರಾ ಕಟ್ಟೀರಿ?” ಅಂದರು ಅಯ್ಯನವರು.

“ಗಿಡ್ಡ ಇರಲಿಲ್ರಿ ಅಯ್ಯಾರ,” ಹೊಸ್ತಿಲ ಮೇಲೆ ಕುಸಿದು ಕೂತಿದ್ದ ಹೆಂಡತಿ ಯಮನವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೋದ ಯುಗಾದಿಗೆ ನಾನ ಹೊಸಾದು ಹಾಕಿದ್ದೆ. ಎದಿ ತನಕ ಬರ್ತಿತ್ತು. ಏನ ಹಾಳ ನೂಲೋ ಏನೋ, ಹರದು ಹರದು ಗಿಡ್ಡ ಆಗೇತಿ ಕಾಣ್ತದ.”

ಬಸು ಕತ್ತರಿ ತರಿಸಿದ. ಅಯ್ಯನವರು ಲಿಂಗದ ಕರಡಿಗೆಯನ್ನು ಹೊಸ ದಾರಕ್ಕೆ ಏರಿಸಿ ಕೊರಳಿಗೆ ಕಟ್ಟಿದರು. ಹಳೆಯದು ಕಲ್ಲಿನ ಮೇಲೆ ಬಿದ್ದು ನೀರಿನೊಡನೆ ಬಚ್ಚಲ ಕಡೆ ಹೊರಟಿತ್ತು. ಯಾರಾದರೂ ತುಳಿದಾರೆಂದು ಜಾಫರಸಾಬ ಬಾಗಿ ಎತ್ತಿಕೊಂಡ. ಕೈಗೆ ನೂಲು ಬಂದರೆ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡುವುದು ಬಣ್ಣದವರ ಚಾಳಿ. ಎಳೆದ. ಬೆರಳಿಗೆ ಏನೋ ತೊಡರಿತು. ಒಂದಂಗುಲ ಬಿಟ್ಟು ಮತ್ತೆ ತೊಡರಿತು. ಎರಡು ತಿಂಗಳ ಹಿಂದೆ ಪೊರೆ ತೆಗೆಸಿಕೊಂಡಿದ್ದ ಕಣ್ಣಿಗೆ ದಾರವನ್ನು ಹತ್ತಿರ ಹಿಡಿದ.

ರಾಗಿ ಕಾಳಿಗಿಂತ ಸಣ್ಣ ಗಂಟುಗಳು. ಹಾಸಿನ ಎಳೆ ಹರಿದಾಗ ನೇಕಾರ ಹಾಕುವ ಗಂಟು. ಕೆಟ್ಟ ಜಾಗವನ್ನು ಹಲ್ಲಿನಿಂದ ಕಡಿದು ಬಿಸಾಡಿ, ಎರಡೂ ತುದಿ ಸೇರಿಸಿ, ಎಂಜಲು ಮುಟ್ಟಿಸಿ ಬಿಗಿಯುವ ಗಂಟು. ಒಂದೂ ಮುಕ್ಕಾಲು ಗೇಣಿನ ದಾರದಲ್ಲಿ ಅವು ಹದಿನಾಲ್ಕು ಇದ್ದವು. ದಾರ ತಾನಾಗಿ ಹರಿದಿರಲಿಲ್ಲ. ಶಿವಸಂಗಪ್ಪನೇ ಕೊರಳಲ್ಲಿದ್ದುದನ್ನು ಕಡಿದಿದ್ದ, ಕಟ್ಟಿದ್ದ, ಮತ್ತೆ ಕಡಿದಿದ್ದ.

ಈ ಗಂಟನ್ನು ಜಾಫರಸಾಬ ಮೊದಲೂ ಮುಟ್ಟಿದ್ದ, ತನ್ನದೇ ಒಂದು ದಾರದಲ್ಲಿ. ಆಗ ಕಣ್ಣು ಮಂಜು, ಮೇಲೆ ಸಿಟ್ಟು. ಆ ಗಂಟಿನ ಸಲುವಾಗಿ ಒಬ್ಬನನ್ನು ನಾಲ್ಕು ಜನರ ಎದುರು ಕಳ್ಳ ಅಂದಿದ್ದ. ಈಗ ಜಾಫರಸಾಬನ ಕೈಯಲ್ಲಿದ್ದ ತಂಬಿಗೆ ಓರೆಯಾಗಿ ನೀರು ಕಾಲ ಮೇಲೆ ಸುರಿಯಿತು.

“ಕಾಕಾ, ನೀರು,” ಅಂದ ಬಸು.

* * *

ಮೂಕಾಟವೆಂಬ ಇಸ್ಪೀಟಿನ ಆಟ ಆ ಓಣಿ ದಾಟಿದರೆ ಯಾರಿಗೂ ಗೊತ್ತಿರಲಿಲ್ಲ. ಓಣಿಯಲ್ಲೂ ಕೊನೆಗೆ ಉಳಿದವರು ಮೂವರೇ: ಮಗ್ಗದ ಶಿವಸಂಗಪ್ಪ, ಬಣ್ಣದ ಜಾಫರಸಾಬ, ಸಂತೆಗೆ ಉಣ್ಣೆ ಕಂಬಳಿ ತರುತ್ತಿದ್ದ ಮರೋಳದ ಕುರಿಗಾರ ಹುಲ್ಲಪ್ಪ. ಮಗ್ಗದ ಕೋಣೆಯಲ್ಲಿ ಹುಟ್ಟಿದ ಆಟವಂತೆ ಅದು. ಮಗ್ಗ ನಡೆಯುವಾಗ ಮಾತು ಕೇಳುವುದಿಲ್ಲ, ಕೇಳದ ಮಾತಾಡಿ ಗಂಟಲು ಯಾಕೆ ಹರಿದುಕೊಳ್ಳಬೇಕೆಂದು ಯಾರೋ ಬುದ್ಧಿವಂತ ಹಿರಿಯರು ಮಾತನ್ನೇ ಆಟದಿಂದ ಕಿತ್ತುಹಾಕಿದ್ದರು.

ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆಯಬೇಕು. ಇಸ್ಪೀಟು ಮತ್ತು ಕಳಾವರದ ಏಳನ್ನೂ ತೆಗೆಯಬೇಕು. ಉಳಿಯುವುದು ಮೂವತ್ತು, ಮೂವರಿಗೆ ಹತ್ತು ಹತ್ತು. ಹಂಚಿದವನ ಕಡೆಯ ಎಲೆ ಯಾವ ಬಣ್ಣದ್ದೋ ಅದೇ ಹುಕುಮು, ಉಳಿದ ಬಣ್ಣಗಳನ್ನೆಲ್ಲ ಕಡಿಯುವ ಬಣ್ಣ. ಎಲೆ ಹಂಚಲು ತೊಡಗಿದ ಗಳಿಗೆಯಿಂದ ಕಡೆಯ ಎಲೆ ಬೀಳುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಕೆಮ್ಮಿದರೆ ಮಾಫಿ, ಸೀನಿದರೆ ಮಾಫಿ. ‘ಅಯ್ಯ’ ಅಂದರೆ ಮಾಫಿಯಿಲ್ಲ.

ಅಂಕಗಳನ್ನು ಕಾಗದದ ಮೇಲೆ ಬರೆಯುವ ಪದ್ಧತಿ ಇರಲಿಲ್ಲ. ಪ್ರತಿಯೊಬ್ಬನಿಗೂ ಒಂದೊಂದು ದಾರ, ದಾರಕ್ಕೆ ಹನ್ನೊಂದು ದಪ್ಪ ಗಂಟು. ಮೂವರೂ ಒಂದೊಂದು ಎಲೆ ಒಗೆದರೆ ಒಂದು ಪಟ್ಟು, ದೊಡ್ಡ ಎಲೆಯವನಿಗೆ ಸೇರಿದ್ದು. ಹತ್ತರಲ್ಲಿ ಐದು ಪಟ್ಟು ಹಿಡಿದವನು ಒಂದು ಗಂಟು ಬಿಚ್ಚಿಕೊಳ್ಳಬೇಕು. ಯಾರೂ ಐದು ಮುಟ್ಟದಿದ್ದರೆ ಯಾರಿಗೂ ಇಲ್ಲ. ಒಂದೇ ಒಂದು ಪಟ್ಟೂ ಬೀಳದಂತೆ ಕೂತವನಿಗೆ ‘ಬರಿಗೈ’ ಎಂದು ಎರಡು ಗಂಟು ಬಿಚ್ಚುವ ಮರ್ಯಾದೆ. ಮಾತಾಡಿದವನ ದಾರಕ್ಕೆ ಎದುರಿನವರು ಒಂದು ಗಂಟು ಹಾಕುತ್ತಾರೆ. ಯಾರ ದಾರ ಮೊದಲು ನುಣುಪಾಗುತ್ತದೋ ಅವನು ಗೆದ್ದ. ವಾರಕ್ಕೊಂದು ಸಂತೆ, ಸಂತೆಗೆ ಏಳೆಂಟು ಆಟ. ಹೀಗೆ ಒಂದು ದಾರ ನುಣುಪಾಗಲು ಒಮ್ಮೊಮ್ಮೆ ಎರಡು ತಿಂಗಳು ಹಿಡಿಯುತ್ತಿತ್ತು.

ದಾರಗಳೂ ಅವರವರ ಮನೆಯವೇ. ಶಿವಸಂಗಪ್ಪನದು ರೇಷ್ಮೆ. ಜಾಫರಸಾಬನದು ತಾನೇ ಬಣ್ಣ ಹಾಕಿದ ಕೆಂಪು ಹತ್ತಿ. ಹುಲ್ಲಪ್ಪನದು ಹೆಂಡತಿ ಸಾವಂತ್ರವ್ವ ಹೊಸೆದುಕೊಟ್ಟ ಕರಿ ಉಣ್ಣೆ. ಮೂರೂ ಒಂದು ತಗಡಿನ ಡಬ್ಬಿಯಲ್ಲಿ ಶಿವಸಂಗಪ್ಪನ ಮನೆಯಲ್ಲೇ ಇರುತ್ತಿದ್ದವು. ಕಳ್ಳತನಕ್ಕೆ ಆಟದಲ್ಲಿ ನಿಯಮವೇ ಇರಲಿಲ್ಲ. ಬೇಕಾದೀತೆಂದು ಯಾರಿಗೂ ಅನಿಸಿರಲಿಲ್ಲ.

ಶಿವಸಂಗಪ್ಪ ಬರಿಗೈಯ ಉಸ್ತಾದ. ಎಕ್ಕಾ, ರಾಜಾ ತುಂಬಿದ ಕೈಯಲ್ಲೂ ಒಂದು ಪಟ್ಟು ತನ್ನ ಮೇಲೆ ಬೀಳದಂತೆ ಹೇಗೋ ಜಾರಿಕೊಳ್ಳುತ್ತಿದ್ದ. ಮಗ್ಗದಲ್ಲೂ ಹಾಗೆಯೇ. ಅವನು ನೇಯ್ದ ಸೀರೆಯ ಮೇಲೆ ಕೈಯಾಡಿಸಿದರೆ ಎಲ್ಲಿಯೂ ಗಂಟು ಸಿಗುತ್ತಿರಲಿಲ್ಲ. ಹಾಕಿದ್ದಾನೋ ಇಲ್ಲವೋ ಎಂದು ಅಂಗಡಿಯವರೇ ಅನುಮಾನಪಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಬಸು ಕುಣಿಮಗ್ಗ ತೆಗೆಸಿದ. ಅಪ್ಪನ ಮೊಣಕಾಲು ಕುಣಿಗೆ ಇಳಿಯುತ್ತಿರಲಿಲ್ಲ, ಹೊಟ್ಟೆಯೂ ನಡೆಯಬೇಕಲ್ಲ. ಕುಣಿಗೆ ಮುರುಮು ತುಂಬಿ, ಮೇಲೆ ಸಿಮೆಂಟು ಹಾಕಿ, ಎರಡು ಪವರ್‌ಲೂಮ್ ಕೂಡಿಸಿದ. ಮಗನ ಮೇಲೆ ಶಿವಸಂಗಪ್ಪ ಒಂದು ಮಾತೂ ಆಡಲಿಲ್ಲ. ಆಟ ಮಾತ್ರ ನಡೆದೇ ಇತ್ತು.

* * *

ಹೆಣಕ್ಕೆ ವಿಭೂತಿ ಹಚ್ಚಿ, ಹಸಿರು ಶಾಲು ಹೊದಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ಎದುರಿಗೆ ಭಜನೆಯವರು ಕೂತರು. ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು.

“ಎಪ್ಪತ್ತೆರಡಾದ್ರೂ ತಲಿ ಹೆಂಗಿತ್ತು ನೋಡ್ರಿ,” ಪಕ್ಕದ ಮನೆಯ ಮಹಾಂತೇಶ ತಾನೇ ಆ ತಲೆಯನ್ನು ನೇಯ್ದಿದ್ದವನಂತೆ ಹೇಳಿದ. “ಒಂದ ಎಳಿ ಆಕಡೆ ಈಕಡೆ ಇಲ್ಲ. ರಾತ್ರಿ ಉಂಡಾನ, ಮಲಗ್ಯಾನ, ಹೋಗ್ಯಾನ. ಇಂಥಾ ಸಾವು ಯಾರಿಗೆ ಬರ್ತದ?”

“ಖರೆ ಐತಿ,” ಅಂದರು ನಾಲ್ಕು ಜನ.

ಜಾಫರಸಾಬನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೇಳಿಕೇಳಿ ಅವನು ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಇವತ್ತಂತೂ ಮೈಮೇಲೆ ಇರುವೆ ಬಿಟ್ಟ ಹಾಗೆ ಆಗಿತ್ತು. ಒಳಗೆ ಹೋದ, ಹೊರಗೆ ಬಂದ, ಕಟ್ಟೆಯ ಮೇಲೆ ಕೂತ, ಎದ್ದ. ಜೇಬಿನಲ್ಲಿದ್ದ ದಾರವನ್ನು ಮುಟ್ಟಿ ಮುಟ್ಟಿ ನೋಡಿದ.

ಎಷ್ಟೆಂದರೂ ತಾನು ಕಳ್ಳ ಅಂದ ಹುಲ್ಲಪ್ಪ ಕುರಿ ಕಾಯುವವನು. ನೇಕಾರನ ಗಂಟನ್ನು ಏಳು ಜನ್ಮ ಎತ್ತಿದರೂ ಅವನು ಹಾಕಲಾರ. ಆ ಸಣ್ಣ ಮಾತು ಎಂಟು ತಿಂಗಳ ಹಿಂದೆ ತನಗೆ ಯಾಕೆ ಹೊಳೆಯಲಿಲ್ಲ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕುಣಿದದ್ದು ಯಾರು?

ಬಸುವನ್ನು ಮೂಲೆಗೆ ಕರೆದ. “ಹುಲ್ಲಪ್ಪಗ ಹೇಳಿ ಕಳಿಸೀಯಿಲ್ಲೋ?”

ಬಸು ನೆಲ ನೋಡಿದ. “ಇಲ್ರಿ ಕಾಕಾ. ನಿಮ್ಮಿಬ್ಬರದು ಹಂಗ ಆಗೇತಿ. ಅಂವ ಬಂದ್ರ ನೀವು ಎದ್ದು ಹೋಗ್ತೀರಿ ಅಂತ ಅವ್ವ ಅಂದ್ಲು. ಅಪ್ಪನ ಹಂತೇಕ ಒಬ್ಬರರೆ ಇರಲಿ ಅಂತ…”

ಜಾಫರಸಾಬ ಜೇಬಿನಿಂದ ಫೋನು ತೆಗೆದ. ಹುಲ್ಲಪ್ಪನ ನಂಬರಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಗಡಿಯಾರ ನೋಡಿದ. ಹನ್ನೊಂದೂವರೆ.

“ಮಣ್ಣು ಎಷ್ಟೊತ್ತಿಗಿ?”

“ತಂಗಿ ಸುಮಾ ಗುಳೇದಗುಡ್ಡದಿಂದ ಬರಬೇಕು. ನಾಕಕ್ಕ ಎತ್ತೂದು ಅಂದಾರ ಅಯ್ಯಾರು.”

“ನಾಕ ತನಕ ನಿಲ್ಲಸು. ನಾ ಬರೂ ಮಟ ಎತ್ತಬ್ಯಾಡ.”

“ನೀವ ಎಲ್ಲಿಗ್ರಿ ಕಾಕಾ, ಈ ಹೊತ್ತಿನ್ಯಾಗ?”

ಜಾಫರಸಾಬ ಬಾಗಿಲ ಹೊರಗಿದ್ದ. ಆಗಲೇ ಚಪ್ಪಲಿ ಹುಡುಕುತ್ತಿದ್ದ.

* * *

ಎಂಟು ತಿಂಗಳ ಹಿಂದೆ ಜಗಳ ಆದದ್ದು ನಳಕ್ಕೆ ನೀರು ಬರುವ ದಿನ. ಓಣಿಯ ಹೆಣ್ಣುಮಕ್ಕಳು ಕೊಡಗಳ ಸಾಲು ಹಚ್ಚಿ ನಿಂತಿದ್ದರು, ಗಂಡಸರು ಬೀಡಿ ಸೇದುತ್ತ ಆ ಸಾಲು ನೋಡುತ್ತಿದ್ದರು. ಮೂವರೂ ಅಂಗಳದಲ್ಲಿ ಕೂತು ಎಲೆ ಹಂಚಿಕೊಂಡಿದ್ದರು.

ಮೂರು ಸಂತೆಯಿಂದ ಜಾಫರಸಾಬನ ಲೆಕ್ಕ ಕೂಡುತ್ತಿರಲಿಲ್ಲ. ಅವನ ದಾರದಲ್ಲಿ ಉಳಿದದ್ದು ನಾಲ್ಕೇ ಗಂಟು. ಮುಂದಿನ ವಾರ ಬಂದು ಬೆರಳಾಡಿಸಿದರೆ ಆರು. ಎಣಿಸಿದ್ದು ತಪ್ಪಿರಬೇಕೆಂದು ಸುಮ್ಮನಾದ. ಅದರ ಮುಂದಿನ ವಾರ ಎಂಟು. ಶಿವಸಂಗಪ್ಪನ ರೇಷ್ಮೆಯಲ್ಲೂ ಗಂಟು ಏರಿದ್ದವು. ಹುಲ್ಲಪ್ಪನ ಉಣ್ಣೆ ದಾರದಲ್ಲಿ ಮಾತ್ರ ಎರಡಿದ್ದದ್ದು ಎರಡೇ. ಇಬ್ಬರ ದಾರ ಬೆಳೆದು ಮೂರನೆಯವನದು ಬೆಳೆಯದಿದ್ದರೆ ಕೈ ಯಾರದು? ಒಂದನೇ ಇಯತ್ತೆಯ ಹುಡುಗನೂ ಹೇಳುವ ಲೆಕ್ಕ ಎಂದು ಅವನಿಗೆ ಅನಿಸಿತ್ತು. ಗಂಟು ಸಣ್ಣವೋ ದೊಡ್ಡವೋ, ದಾರ ಗಿಡ್ಡವಾಗಿದೆಯೋ ಏನೋ, ಅದನ್ನೆಲ್ಲ ನೋಡುವ ಗೊಡವೆಗೆ ಹೋಗಲಿಲ್ಲ.

ಅವತ್ತು ಮೂರನೇ ಪಟ್ಟಿಗೆ ಹುಲ್ಲಪ್ಪ ಹುಕುಮಿನ ಗುಲಾಮ ಒಗೆದ. ಜಾಫರಸಾಬನ ಬಾಯಿ ತೆರೆಯಿತು.

“ಕಳ್ಳ,” ಅಂದ. “ನಮ್ಮ ದಾರಕ್ಕ ಗಂಟ ಹಾಕಿ ಗೆಲ್ಲಾಕತ್ತಿ. ಕಳ್ಳ ನನ್ನ ಮಗನ, ಇನ್ನ ಈ ಹೊಸ್ತಲಾ ತುಳೀಬ್ಯಾಡ.”

ನಳದ ಕೆಳಗಿನ ಕೊಡ ತುಂಬಿ ಹರಿಯಿತು. ಎಲ್ಲರೂ ಇತ್ತ ತಿರುಗಿದರು. ಮಹಾಂತೇಶ ಬೀಡಿ ಕೈಯಲ್ಲೇ ಹಿಡಿದು ಕಟ್ಟೆ ಇಳಿದು ಬಂದ.

ಹುಲ್ಲಪ್ಪ ಎಲೆಗಳನ್ನು ಬೋರಲಾಗಿ ಇಟ್ಟ. ಜಾಫರಸಾಬನ ಕೆಂಪು ದಾರವನ್ನು ಡಬ್ಬಿಯಿಂದ ತೆಗೆದ. ಆಟದ ನಡುವೆ ಮಾತಾಡಿದ್ದಕ್ಕೆ ಅದಕ್ಕೊಂದು ದಪ್ಪ ಗಂಟು ಹಾಕಿ, ಬಿಗಿದು, ಅವನ ಮುಂದಿಟ್ಟ. ಕಂಬಳಿ ಹೆಗಲಿಗೇರಿಸಿ ಎದ್ದು ಹೋದ.

ಶಿವಸಂಗಪ್ಪ ತನ್ನ ಎಲೆಗಳನ್ನು ಹಿಡಿದೇ ಕೂತಿದ್ದ. ಕಡೆಯ ಎಲೆ ಇನ್ನೂ ಬಿದ್ದಿರಲಿಲ್ಲವಲ್ಲ, ಮಾತಾಡಲಿಲ್ಲ. ಆ ಮೌನವನ್ನು ಜಾಫರಸಾಬ ತನ್ನ ಕಡೆಯ ಸಾಕ್ಷಿಯೆಂದು ತಿಳಿದ. ತನ್ನ ದಾರ ಎತ್ತಿಕೊಂಡು ಮನೆಗೆ ಬಂದ.

ಇಬ್ಬರಿಗೆ ಮೂಕಾಟ ನಡೆಯುವುದಿಲ್ಲ. ಎರಡು ಸಂತೆ ಹೋಗಿ ಚಹಾ ಕುಡಿದು ಬಂದ. ಆಮೇಲೆ ಅದೂ ಕಡಿಮೆಯಾಯಿತು. ಯಮನವ್ವ ಒಮ್ಮೆ ದಾರಿಯಲ್ಲಿ ಸಿಕ್ಕು ಹೇಳಿದ್ದಳು: “ಜಾಫರಣ್ಣ, ಸಂತಿ ದಿನಾ ಎಲಿ ತಗದು ಮೂರ ಪಾಲ ಮಾಡಿ ಕುಂದರ್ತಾರ. ನೀನರೆ ಬಂದು ಹೋಗ.” ಬರ್ತೇನಿ ಅಂದಿದ್ದ. ಕಣ್ಣಿನ ಆಪರೇಷನ್ ಅಂತ ಒಂದು ನೆಪವೂ ಸಿಕ್ಕಿತ್ತು.

* * *

ಜಾಫರಸಾಬನ ತಂಗಿಯ ಮಗ ಶಾಬುದ್ದೀನನ ಟಂಟಂ ಆಟೊ ಹುನಗುಂದ ದಾಟಿ ಮರೋಳ ಮುಟ್ಟುವ ಹೊತ್ತಿಗೆ ಒಂದು ಹೊಡೆದಿತ್ತು. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಸಾವಂತ್ರವ್ವ ಮೊರ ಕೆಳಗಿಡಲಿಲ್ಲ.

“ಕಳ್ಳರ ಮನಿಗೆ ದೊಡ್ಡಮಂದಿ ಯಾಕ ಬಂದೀರಿ?”

“ಶಿವಸಂಗಪ್ಪ ಹೋದ ಯವ್ವಾ,” ಅಂದ ಜಾಫರಸಾಬ. “ಬೆಳಗಿನ್ಯಾಗ.”

ಮೊರ ಕೆಳಗೆ ಬಂತು. ಅವಳು ಸೆರಗು ತಲೆಗೆ ಎಳೆದುಕೊಂಡು, “ಕಾಲುವಿ ಕಡೆ ಕುರಿ ಬಿಟ್ಟಾರ ನೋಡ್ರಿ,” ಅಂದಳು. “ಫೋನ ಮನ್ಯಾಗ ಐತಿ, ಚಾರ್ಜ್ ಇಲ್ಲ.”

ತಾಸು ಹೊತ್ತು ಹುಡುಕಿದ ಮೇಲೆ ಹುಲ್ಲಪ್ಪ ಸಿಕ್ಕ, ಕಾಲುವೆಯ ದಂಡೆಯಲ್ಲಿ ಕೋಲಿಗೆ ಗದ್ದ ಊರಿ ನಿಂತಿದ್ದ. ಜಾಫರಸಾಬ ಮೇಲುಸಿರು ಬಿಡುತ್ತ ಬರುವುದನ್ನು ದೂರದಿಂದಲೇ ನೋಡಿದ. ಎಂಟು ತಿಂಗಳಿಂದ ಬರದವನು ಹೀಗೆ ಓಡಿ ಬರುವುದಕ್ಕೆ ಒಂದೇ ಕಾರಣ ಇರಲು ಸಾಧ್ಯ. ಅವನೇ ಕೇಳಿದ.

“ಯಾವಾಗ?”

“ನಸಿಕಿನ್ಯಾಗ. ನಾಕಕ್ಕ ಮಣ್ಣು.”

ಹುಲ್ಲಪ್ಪ ಕುರಿಗಳನ್ನು ಪಕ್ಕದ ಹೊಲದವನಿಗೆ ಕೂಗಿ ಒಪ್ಪಿಸಿದ. ಜಾಫರಸಾಬ ಜೇಬಿನಿಂದ ಶಿವದಾರ ತೆಗೆದು ಚಾಚಿದ. ಮಾತು ಒಟ್ಟಿಗೇ ನುಗ್ಗಿ ಬಂತು: ಗದ್ದಕ್ಕೆ ಸಿಕ್ಕದ್ದು, ಕತ್ತರಿ, ಹದಿನಾಲ್ಕು ಗಂಟು. ಹುಲ್ಲಪ್ಪ ದಾರವನ್ನು ಒಮ್ಮೆ ಬೆರಳಲ್ಲಿ ಎಳೆದು ನೋಡಿ ಮರಳಿ ಕೊಟ್ಟ.

“ನನಗ ಗೊತ್ತಿತ್ತು.”

“ಏನ ಗೊತ್ತಿತ್ತು?”

“ಒಂದ ಸಂತಿಗೆ ಬಸ್ಸ ಲಗೂ ಸಿಕ್ತು, ಜಲ್ದಿ ಬಂದೆ. ಬಾಗಲಾ ತೆರದಿತ್ತು. ಕುಣಿ ಮುಚ್ಚ್ಯಾರಲ್ಲ, ಅದ ಸಿಮೆಂಟಿನ ಮ್ಯಾಲ ಶಿವಸಂಗಪ್ಪ ಕುಂತಿದ್ದ. ಡಬ್ಬಿ ಮುಂದ. ನಿನ್ನ ದಾರಾ ಬೆಳಕಿಗೆ ಹಿಡದು ನೋಡ್ತಿದ್ದ. ಕಚ್ಚಕ್ಕಂತ ಕಡದ, ಕಟ್ಟಿದ. ಮತ್ತ ನೋಡಿದ. ಮತ್ತ ಕಡದ.” ಹುಲ್ಲಪ್ಪ ಟಂಟಂ ಕಡೆ ನಡೆಯುತ್ತಲೇ ಹೇಳುತ್ತಿದ್ದ. “ನನ್ನ ದಾರಾ ಮುಟ್ಟಲಿಲ್ಲ. ಉಣ್ಣಿ ಐತಲ್ಲ, ಮಗ್ಗದವರ ಕೈಗೆ ಅದು ದಾರಾನ ಅಲ್ಲ. ಅಂವಗ ತಾ ಏನ ಮಾಡಾಕತ್ತೇನಿ ಅಂತ ಗೊತ್ತಿರಲಿಲ್ಲೋ ಜಾಫರ. ಬರೇ ಕೈಗೆ ಗೊತ್ತಿತ್ತು.”

“ಅವತ್ತ ಹೇಳಬೇಕಿಲ್ಲೋ ಲೇ. ಕಳ್ಳ ಅನಿಸ್ಕೊಂಡು ಎದ್ದ ಬಂದಿ.”

“ಯಾರ ಮುಂದ ಹೇಳ್ಲಿ? ಓಣಿ ಎಲ್ಲಾ ನಿಂತಿತ್ತು. ಶಿವಸಂಗಪ್ಪನ ತಲಿ ಕೆಟ್ಟೈತಿ ಅಂತ ಅವನ ಎದರಿಗೇ ಹೇಳ್ಲಿ? ಹೇಳಿದ್ರ ಮರದಿನಾ ಬಸು ಡಬ್ಬಿ ಕಸಗೊಂಡು ಅಟ್ಟಕ್ಕ ಒಗೀತಿದ್ದ. ಮಗ್ಗ ಹೋತು, ಅದೂ ಹೋದ್ರ ಮುದಕ ಏನ ಹಿಡಕೊಂಡು ಕುಂದರಬೇಕು? ನನಗ ಕಳ್ಳ ಅಂದ್ರ ಏನಾತು, ನನ್ನ ಕುರಿ ಹಾಲ ಕೊಡೂದು ಬಿಡಲಿಲ್ಲ.”

ಟಂಟಂ ಹೊರಟಿತು. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಒಂದಷ್ಟು ದೂರ ಸಾಗಿದ ಮೇಲೆ ಹುಲ್ಲಪ್ಪ ಹೊರಗೆ ನೋಡುತ್ತ ಅಂದ:

“ಸಿಟ್ಟ ಇಳದ ಮ್ಯಾಲ ನೀ ಬಂದು ಕರೀತಿ ಅನ್ಕೊಂಡಿದ್ದೆ. ಎಂಟ ತಿಂಗಳ ಕಾಯ್ದೆ. ಸಂತಿಗಿ ಬಂದಾಗೊಮ್ಮೆ ನಿಮ್ಮ ಓಣಿ ತುದಿ ತನಕ ಬಂದು ನಿಂತು ಹೋಗ್ತಿದ್ದೆ.”

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ಸುಮ್ಮನೆ ಹೇಳಿಲ್ಲ. ಜಾಫರಸಾಬನಿಗೆ ಅಳು ತಡೆಯಲಾಗಲಿಲ್ಲ. ಕೆಂಪು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಹುನಗುಂದದ ಈಚೆಗೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡವಾಯಿತು. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ರಸ್ತೆ ತುಂಬ ತೂಗಾಡುತ್ತಿತ್ತು. ಮೂರೂ ಕಾಲು ಆಗಿತ್ತು. ಜಾಫರಸಾಬ ಸೀಟಿನ ಅಂಚಿಗೆ ಬಂದು ಶಾಬುದ್ದೀನನ ಹೆಗಲು ಬಡಿದ.

“ಹೊಡಿಯೋ, ಪಕ್ಕಕ್ಕ ಹಾಕಿ ಹೊಡಿ.”

“ಎಲ್ಲಿ ಹೊಡೀಲಿ ಮಾಮು, ಗಟಾರದಾಗ?”

“ಇವತ್ತ ಎಲ್ಲಾರೂ ಶಿವಸಂಗಪ್ಪನ ಅಂಗಳದಾಗ ಅದಾರ,” ಜಾಫರಸಾಬ ಹುಲ್ಲಪ್ಪನ ಕಡೆ ತಿರುಗಿದ. “ಅವತ್ತ ಕೇಳಿದ ಮಂದಿನ ಇವತ್ತೂ ಅದಾರ. ನಾಳೆ ಅವರು ಒಟ್ಟಿಗೆ ಸಿಗೂದಿಲ್ಲ. ಎಲ್ಲಾರ ಮುಂದ ಖರೆ ಏನೈತಿ ಹೇಳ್ತೇನಿ. ಹುಲ್ಲಪ್ಪ ಕಳ್ಳ ಅಲ್ಲ, ಶಿವಸಂಗಪ್ಪನ ಕೈ ಅಂತ.”

“ಹೆಣದ ಮುಂದ?”

“ಮತ್ತ ನಿನ್ನ ಹೆಸರು?”

“ನನ್ನ ಹೆಸರು ನನ್ನ ಹಂತೇಕ ಐತಿ,” ಅಂದ ಹುಲ್ಲಪ್ಪ. “ಅವನ ಕೈ ಬಗ್ಗೆ ಒಂದ ಮಾತು ಆಡಿದೆಂದ್ರ ನಾ ಇಲ್ಲೇ ಇಳೀತೇನಿ.”

ಜಾಫರಸಾಬ ಸೀಟಿಗೆ ಒರಗಿದ. ಖರೆ ಹೇಳಿದರೆ ಸತ್ತವನ ಮಾನ ಹೋಗುತ್ತದೆ, ಹೇಳದಿದ್ದರೆ ಇದ್ದವನದು. ಟ್ರ್ಯಾಕ್ಟರ್ ಹಿಂದೆ ಹಿಂದೆ ಟಂಟಂ ತೆವಳಿತು.

* * *

ಓಣಿಯ ಬಾಯಿಗೆ ಬಂದಾಗ ನಾಲ್ಕು ದಾಟಿತ್ತು, ಹಲಗೆ ಬಾರಿಸುವ ಸದ್ದು ಕೇಳುತ್ತಿತ್ತು. ಬಾಳೆಕಂಬ, ಚೆಂಡುಹೂ ಕಟ್ಟಿದ, ಹೆಣ ಕೂಡಿಸಿ ಒಯ್ಯುವ ವಿಮಾನ ಅಂಗಳದಲ್ಲೇ ಇತ್ತು. ಬಸು ಮಾತು ಉಳಿಸಿಕೊಂಡಿದ್ದ. ಅಯ್ಯನವರು ಮಾತ್ರ ಮುಖ ಗಂಟು ಹಾಕಿಕೊಂಡು ನಿಂತಿದ್ದರು. ಗುಳೇದಗುಡ್ಡದಿಂದ ಬಂದ ಸುಮಾ ಅಪ್ಪನ ಪಾದ ಹಿಡಿದು ಕೂತಿದ್ದಳು. ಶಿವಸಂಗಪ್ಪ ವಿಮಾನದೊಳಗೆ ನೆಟ್ಟಗೆ ಕೂತಿದ್ದ, ಹೊಸ ಶಿವದಾರ ಎದೆಯವರೆಗೆ ಇಳಿಬಿದ್ದಿತ್ತು.

ಹುಲ್ಲಪ್ಪ ಕಂಬಳಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಬಂದ. ಜನ ದಾರಿ ಬಿಟ್ಟರು, ಆದರೆ ಬಿಡುವ ರೀತಿಯಲ್ಲೇ ಒಂದು ಮಾತಿತ್ತು. ಅವನು ವಿಮಾನದ ಮುಂದೆ ಮೊಣಕಾಲೂರಿ, ಗೆಳೆಯನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಬೆರಳುಗಳನ್ನು ಒಂದೊಂದಾಗಿ ಸವರಿದ. ಎದ್ದು ಬಂದು ಬಿದಿರಿನ ಬೊಂಬಿಗೆ ಹೆಗಲು ಕೊಡಲು ನಿಂತ.

“ಅಂವ ಯಾಕ?” ಮಹಾಂತೇಶನ ದನಿ ದೊಡ್ಡದಾಗಿಯೇ ಬಂತು. “ಜೀವಂತ ಇದ್ದಾಗ ದಾರಕ್ಕ ಗಂಟ ಹಾಕಿ ಮೋಸಾ ಮಾಡಿದಾಂವ ಹೆಗಲ ಕೊಡಬೇಕೇನ್ರಿ? ಬಸು, ನೋಡ್ಕೋ. ನಿಮ್ಮಪ್ಪನ ಆಟಾ ನಿಲ್ಲಿಸಿದಾಂವ ಇಂವ.”

ಬಸು ತಾಯಿಯ ಕಡೆ ನೋಡಿದ. ಹುಲ್ಲಪ್ಪ ಬೊಂಬಿನಿಂದ ಕೈ ತೆಗೆಯಲಿಲ್ಲ. ಜಾಫರಸಾಬನ ಕಡೆ ಮಾತ್ರ ಒಂದು ಸಲ ನೋಡಿ, ತಲೆ ಅಡ್ಡ ಆಡಿಸಿದ.

ಬೆಳಗಿನಿಂದ ಒಂದು ಕಡೆ ನಿಲ್ಲದ ಜಾಫರಸಾಬ ಈಗ ಅಂಗಳದ ನಡುವೆ ಬಂದು ನಿಂತ.

“ಅಂವ ಹಾಕಿಲ್ಲ,” ಅಂದ. “ಆ ಗಂಟು ನಾ ಹಾಕಿದ್ದೆ.”

ಹಲಗೆಯವನ ಕೈ ನಿಂತಿತು.

“ಸೋಲಾಕತ್ತಿದ್ದೆ. ಹುಲ್ಲಪ್ಪಂದು ಎರಡ ಉಳದಿದ್ದು. ಆಟಾ ಕೆಡಸಬೇಕಾಗಿತ್ತು ನನಗ. ನನ್ನ ದಾರಕ್ಕೂ ಹಾಕಿದೆ, ಶಿವಸಂಗಪ್ಪನ ದಾರಕ್ಕೂ ಹಾಕಿದೆ. ಇವನ ಮ್ಯಾಲ ಕಳ್ಳತನಾ ಹೊರಸಿದೆ. ಇವತ್ತ ಹೇಳದ ಇದ್ರ ಅಲ್ಲಾ ನನ್ನ ಮೆಚ್ಚೂದಿಲ್ಲ.” ಬೆರಳಿನಿಂದ ಅಂಗಳದ ನೆಲ ತೋರಿಸಿದ. “ಅವತ್ತ ಇಲ್ಲೇ ಅಂದಿದ್ದೆ. ಇವತ್ತ ಇಲ್ಲೇ ಹೇಳೇನಿ.”

ಬಾಗಿಲಲ್ಲಿ ನಿಂತ ಶಾಬುದ್ದೀನ ಮುಖ ತಿರುಗಿಸಿದ. ಯಮನವ್ವ ಹೊಸ್ತಿಲಿನಿಂದ ಎದ್ದು, ಹೆಂಗಸರ ಕೈ ಬಿಡಿಸಿಕೊಂಡು ಜಾಫರಸಾಬನ ಎದುರಿಗೆ ಬಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

“ಎಂಟ ತಿಂಗಳ ಬಾಗಲಾ ನೋಡ್ಕೋತ ಕುಂತರ್ರಿ ಅವರು,” ಅಂದಳು. ನಲವತ್ತು ವರ್ಷ ‘ನೀ’ ಅಂದವಳು ಈಗ ‘ರಿ’ ಹಚ್ಚಿದ್ದಳು. “ನಾ ನಿಮ್ಮನ್ನ ಅಣ್ಣ ಅಂತಿದ್ದೆ.”

ತಿರುಗಿ ಹೊಸ್ತಿಲಿಗೆ ಹೋದಳು, ಮತ್ತೆ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಜಾಫರಸಾಬ ಸತ್ಯ ಉಗುಳಿಬಿಡುತ್ತಿದ್ದನೋ ಏನೋ. ಮಾತು ಅಷ್ಟು ತುಟಿಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡ.

“ಹೊತ್ತಾತು, ಎತ್ತ್ರಿ,” ಅಂದರು ಅಯ್ಯನವರು.

ಜಾಫರಸಾಬ ಬೊಂಬಿನ ಹತ್ತಿರ ಬಂದ. ಮಹಾಂತೇಶ ತನ್ನ ಹೆಗಲನ್ನು ಅಡ್ಡ ಹಾಕಿದ, ಅವನ ಪಕ್ಕದವನೂ ಸರಿಯಲಿಲ್ಲ. ಎಡಗಡೆ ಹಿಂದಿದ್ದವನು ಕಾಣದವನಂತೆ ಹೂ ಸರಿಮಾಡುತ್ತ ನಿಂತ. ಆಗ ಎಡಗಡೆ ಮುಂದಿದ್ದ ಹುಲ್ಲಪ್ಪ ಅವನ ಅಂಗಿಯ ತೋಳು ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡ. ಬೊಂಬಿನ ಕೆಳಗಿದ್ದ ತನ್ನ ಕಂಬಳಿಯಂಥ ಅಗಲ ಹೆಗಲನ್ನು ತುಸು ಮುಂದೆ ಸರಿಸಿ ಜಾಗ ಮಾಡಿದ.

ವಿಮಾನ ಮೇಲೆದ್ದಿತು. ಹಲಗೆ ಮತ್ತೆ ಶುರುವಾಯಿತು. ಜಾಫರಸಾಬ ಗಿಡ್ಡ. ಎಷ್ಟು ತುದಿಗಾಲಲ್ಲಿ ನಡೆದರೂ ಅವನ ಹೆಗಲು ಬೊಂಬಿಗೆ ಎಟುಕಲೊಲ್ಲದು. ಅವನಿಗೆ ಸರಿಯಾಗಲೆಂದು ಹುಲ್ಲಪ್ಪ ಮೊಣಕಾಲು ಬಗ್ಗಿಸಿ ನಡೆದ, ಎಡಗಡೆಯೆಲ್ಲ ಕೆಳಗಾಯಿತು.

“ಎಡಕ್ಕ ಎತ್ತ್ರಿ, ಎಡಕ್ಕ,” ಹಿಂದಿನಿಂದ ಯಾರೋ ಕೂಗಿದರು.

ಅವರಿಬ್ಬರೂ ಎತ್ತಲಿಲ್ಲ. ಓಣಿಯ ತಿರುವಿನಲ್ಲಿ, ಇಷ್ಟು ಹೊತ್ತು ನೆಟ್ಟಗೆ ಕೂತಿದ್ದ ಶಿವಸಂಗಪ್ಪ ಮೆಲ್ಲಗೆ ಅವರ ಕಡೆ ವಾಲಿದ.